ನಾನು ಪಕ್ಕದ ಕೋಣೆಯಲ್ಲಿರುವಾಗ

ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ನಾನು ಆ ಪಂಗಡದವಳು. ತಪ್ಪೆಲ್ಲ ನನ್ನದೇ ಅಲ್ಲ ಅನ್ನಿ. ದೊಮ್ಮಲೂರಿನ ಕಚೇರಿಯೊಂದರಲ್ಲಿ ಕರೆಂಟಿನ ದೂರು ಕೇಳುವ ಕಿಟಕಿಯ ಹಿಂದೆ ಕೂತೇ ಕೂದಲು ಬೆಳ್ಳಗಾಯಿತು. ಜನ "ಮೇಡಂ, ನಿನ್ನೆಯಿಂದ" ಅನ್ನುವಷ್ಟರಲ್ಲಿ ಫ್ಯೂಸೋ ಕೇಬಲ್ಲೋ ಬಿಲ್ಲೋ ನನಗೆ ಗೊತ್ತಾಗಿಬಿಡುತ್ತದೆ. ಅವರು ಉಸಿರೆಳೆದುಕೊಳ್ಳುವ ಮೊದಲೇ ಪರಿಹಾರ ಹೇಳಿ "ನೆಕ್ಸ್ಟ್" ಅಂದಿರುತ್ತೇನೆ. ಈ ಚಾಳಿಯನ್ನು ಮನೆಗೂ ತಂದೆ. ಮನೆಯಲ್ಲಿ ಇರುವುದು ನಾನು ಮತ್ತು ನನ್ನ ತಂಗಿ ಸುಜಾತ, ಇಬ್ಬರೇ.

ಸುಜಾತ ಗಂಡನ ಮನೆ ಬಿಟ್ಟು ಕಗ್ಗದಾಸಪುರದ ನನ್ನ ಮನೆಗೆ ಬಂದು ಎರಡು ವರ್ಷವಾಯಿತು. ಹೋದ ಮಳೆಗಾಲದಲ್ಲಿ ಒಂದು ಸಂಜೆ ಸಾಯಬೇಕೆಂದು ಮಾತ್ರೆ ನುಂಗಿದಳು. ಉಳಿದಳು. ಇಷ್ಟು ಬರೆಯುವುದಕ್ಕೇ ಕೈ ಏಳುವುದಿಲ್ಲ, ಇನ್ನು ಹಾಸ್ಯ ಎಲ್ಲಿಂದ ತರಲಿ? ಆದರೆ ಮನುಷ್ಯರ ಮನೆಯಲ್ಲಿ ಎಂಥ ಕಷ್ಟದ ಹಿಂದೆಯೂ ಒಬ್ಬ ಚಿಕ್ಕಪ್ಪ ಬರುತ್ತಾರೆ. ಆಸ್ಪತ್ರೆಯ ಡಾಕ್ಟರು ಇಂದಿರಾನಗರದ ಒಬ್ಬ ಮೇಡಂ ಹತ್ತಿರ ಡಿಬಿಟಿಗೆ ಹೋಗಲು ಹೇಳಿದಾಗ ಹಲಸೂರಿನ ನಮ್ಮ ಚಿಕ್ಕಪ್ಪ ತುಂಬ ಸಂತೋಷಪಟ್ಟರು. ಸರ್ಕಾರದ ದುಡ್ಡು ನೇರ ಖಾತೆಗೆ ಬೀಳುವುದನ್ನು ಡಿಬಿಟಿ ಅನ್ನುತ್ತಾರಲ್ಲ, ಅದು ಅಂದುಕೊಂಡಿದ್ದರು. ಇದು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಮನಸ್ಸಿನ ಚಿಕಿತ್ಸೆ, ಉಸಿರನ್ನು ಗಮನಿಸುವುದನ್ನೂ ಹೇಳಿಕೊಡುತ್ತಾರೆ ಅಂದಾಗ ಅವರಿಗೆ ಕೋಪವೇ ಬಂತು. ನಮ್ಮದು ಬೌದ್ಧರ ಮನೆ. ಭಾನುವಾರ ವಿಹಾರದಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿ ಕೂರುವುದು ತಾತನ ಕಾಲದಿಂದ ಬಂದದ್ದು. ನಮ್ಮ ಸರಕನ್ನೇ ನಮಗೆ ಮಾರುತ್ತಾರಲ್ಲ, ವಿಹಾರಕ್ಕೆ ಬಂದರೆ ಕೊನೆಯಲ್ಲಿ ಟೀ ಕೂಡ ಕೊಡುತ್ತೇವೆ ಎಂದು ಅವರ ವಾದ. ಕಣ್ಣು ಮುಚ್ಚಿ ಕೂತಾಗಲೇ ತನಗೆ ಸಾಯುವ ಯೋಚನೆ ಜಾಸ್ತಿ ಬರುತ್ತಿತ್ತು, ಬಂದಾಗ ಏನು ಮಾಡಬೇಕೆಂದು ಇಲ್ಲಿ ಒಂದೊಂದಾಗಿ ಕಲಿಸುತ್ತಾರೆ ಎಂದು ಸುಜಾತ ಮೆಲ್ಲಗೆ ಹೇಳಿದಳು. ಚಿಕ್ಕಪ್ಪ ಟೀ ಕುಡಿದು ಎದ್ದು ಹೋದರು.

ಚಿಕ್ಕಪ್ಪನನ್ನು ನೋಡಿ ನಕ್ಕ ನಾನೇನು ಕಮ್ಮಿಯೇ? ಫ್ಯೂಸು ಹಾಕಿದ ಹಾಗೆ ಎರಡು ಸಲ ಹೋಗಿ ಬಂದರೆ ಮುಗಿಯಿತು ಅಂದುಕೊಂಡಿದ್ದೆ. ಒಂದು ವರ್ಷವಾದರೂ ಬೇಕು ಎಂದಾಗ ಮೇಡಂಗೆ ಕೆಲಸ ಗೊತ್ತಿಲ್ಲ ಎಂದು ತೀರ್ಮಾನಿಸಿದೆ. ಆದದ್ದನ್ನು ಒಪ್ಪಿಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರೆ ಎಂದು ತಿಳಿದಾಗ, ಓಹೋ, ನಮ್ಮ ಬೆಂಗಳೂರಿನ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಇದೇ ತಾನೇ, ಬಸ್ಸಿನಲ್ಲಿ ಕಂಡಕ್ಟರು ಬಿಟ್ಟಿಯಾಗಿ ಹೇಳುತ್ತಾನೆ ಎಂದೆ. ಸುಜಾತ ನನ್ನ ಮುಖವನ್ನೇ ನೋಡಿದಳು. "ಆಗಿದ್ದು ಆಗಿದೆ ಅಂತ ಒಪ್ಕೊಳ್ಳೋದು ಅಕ್ಕ, ಆಗಿದ್ದು ಸರಿ ಅಂತ ಅಲ್ಲ. ಒಪ್ಕೊಂಡ್ರೇನೇ ಮುಂದಕ್ಕೆ ಬದಲಾಯಿಸೋಕಾಗೋದು" ಅಂದಳು. ನನಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದೆ. ಸಂಕಟ ಉಕ್ಕಿ ಬಂದಾಗ ಅವಳು ಫ್ರಿಜ್ಜಿನಿಂದ ಐಸು ತೆಗೆದು ಅಂಗೈಯಲ್ಲಿ ಹಿಡಿದು ಕೂರುತ್ತಿದ್ದಳು. ಆ ಕೊರೆತಕ್ಕೆ ಮನಸ್ಸು ಒಂದು ಗಳಿಗೆ ಅತ್ತ ತಿರುಗುತ್ತದಂತೆ. ನಾನು ಅದನ್ನು ಉಷ್ಣ ಎಂದು ತಿಳಿದು ಮೆಂತ್ಯದ ಮಜ್ಜಿಗೆ ಮಾಡಿಕೊಟ್ಟೆ. ಪಾಪ, ಅದನ್ನೂ ಕುಡಿದಳು.

ಇದೆಲ್ಲ ಹಾಗಿರಲಿ. ನನ್ನ ಹೊಟ್ಟೆ ಉರಿಸಿದ್ದು ಫೋನು. ತೀರಾ ಕಷ್ಟವಾದಾಗ ಮೇಡಂಗೆ ಫೋನು ಮಾಡಬಹುದು, ಈಗ ಕಲಿತದ್ದರಲ್ಲಿ ಯಾವುದನ್ನು ಮಾಡಲಿ ಎಂದು ಕೇಳಬಹುದು. ಐದು ಹತ್ತು ನಿಮಿಷದ ಮಾತು. ನಾನೋ, ಇವಳು ಕೂತು ನನ್ನ ಮೇಲೆ ಚಾಡಿ ಹೇಳುತ್ತಿದ್ದಾಳೆ ಅಂದುಕೊಂಡೆ. ಅಮ್ಮ ಕೆಲಸಕ್ಕೆ ಹೋದಾಗ ಇವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಪಕ್ಕದ ಕೋಣೆಯಲ್ಲಿ ನಾನು ಗುಂಡುಕಲ್ಲಿನ ಹಾಗೆ ಕೂತಿರುವಾಗ ಇಂದಿರಾನಗರಕ್ಕೆ ಫೋನೇ? ಒಂದು ಸಂಜೆ ಅವಳ ಕಿಟಕಿಯ ಹೊರಗಿನ ಹಗ್ಗದಲ್ಲಿ ಬಟ್ಟೆ ಒಣಗಹಾಕುವ ನೆವದಲ್ಲಿ ನಿಂತೆ.

"ಅಕ್ಕ ಇದ್ದಾಳೆ ಮೇಡಂ" ಎನ್ನುತ್ತಿದ್ದಳು. "ಆದ್ರೆ ಅವಳಿಗೆ ಹೇಳಿದ್ರೆ ಅಳ್ತಾಳೆ, ಇಲ್ಲಾಂದ್ರೆ ಉಪಾಯ ಹೇಳ್ತಾಳೆ. ಆಮೇಲೆ ನಾನೇ ಅವಳನ್ನ ಸಮಾಧಾನ ಮಾಡ್ಬೇಕು. ಇವತ್ತು ಅಷ್ಟು ಶಕ್ತಿ ಇಲ್ಲ ನಂಗೆ."

ಒದ್ದೆ ಸೀರೆ ಹಿಡಿದು ನಿಂತೇ ಇದ್ದೆ. ಮೊದಲು ಸಿಟ್ಟು ಬಂತು, ಆಮೇಲೆ ಅಳು. ಅದರ ಹಿಂದೆಯೇ ಭಯ. ಇವತ್ತು ಮೇಡಂ ಫೋನು ಎತ್ತದಿದ್ದರೆ ಈ ಮನೆಯಲ್ಲಿ ಇವಳಿಗೆ ಯಾರಿದ್ದರು?

ಮನೆಯವರಿಗೂ ಒಂದು ಕ್ಲಾಸಿದೆ ಎಂದು ಸುಜಾತ ಆಗಾಗ ಹೇಳಿದ್ದಳು, ಆ ಶನಿವಾರ ಹೋದೆ. ತಂಗಿಯ ಬಗ್ಗೆ ಮೇಡಂಗೆ ತಿಳಿಯದ್ದನ್ನೆಲ್ಲ ತಿಳಿಸಿಕೊಡೋಣ ಎಂಬ ಉಪಕಾರಬುದ್ಧಿ ಆಗಲೂ ಇತ್ತು. ಅವಳ ಬಾಲ್ಯದಿಂದ ಶುರುಮಾಡಿದೆ. ಮೇಡಂ ತಡೆದು, ಅವರ ವಿಷಯ ಅವರೇ ಹೇಳುತ್ತಾರೆ, ನೀವು ನಿಮ್ಮದು ಹೇಳಿ ಎಂದರು. ದೂರಿನ ಕಿಟಕಿಯ ಹಿಂದೆ ಇಷ್ಟು ವರ್ಷ ಕೂತವಳನ್ನು ಹಾಗೆ ಕೇಳಿದವರಿಲ್ಲ. ಮನೆಗೆ ಕೊಟ್ಟ ಪಾಠ ಇಷ್ಟೇ: ಅವಳು ಕಷ್ಟ ಹೇಳಿದರೆ ಪರಿಹಾರ ಹೇಳಬಾರದು, ಜೊತೆಗೆ ಕೂರಬೇಕು. ಇದಕ್ಕಿಂತ ಟ್ರಾನ್ಸ್‌ಫಾರ್ಮರ್ ಹೊತ್ತು ತಾ ಅಂದಿದ್ದರೆ ಸುಲಭವಿತ್ತು.

ಹೋದ ವಾರ ಸಂಜೆ ನಮ್ಮ ಬೀದಿಯಲ್ಲೇ ಕರೆಂಟು ಹೋಗಿತ್ತು. ಸುಜಾತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮುಖ ಮಳೆಗಾಲದ ಆ ಸಂಜೆಯ ಹಾಗೇ ಇತ್ತು.

"ಅಕ್ಕ, ಇವತ್ತು ನಂಗೆ ಸರಿ ಇಲ್ಲ. ಜೊತೇಲಿ ಕೂತ್ಕೋತೀಯಾ? ಏನೂ ಹೇಳ್ಬೇಡ."

ನಾಲಗೆಯ ತುದಿಗೆ ಏನೇನು ಬಂತು ಅಂತೀರಿ! ವಾಕಿಂಗ್ ಹೋಗೋಣ, ಚಿಕ್ಕಪ್ಪನ್ನ ಕರೆಯಲಾ, ಊಟ ಮಾಡಿದ್ಯಾ, ಆಸ್ಪತ್ರೆಗೆ ನಡಿ. ಬಾಯಿ ತೆರೆದೇಬಿಟ್ಟಿದ್ದೆ. ಫ್ರೀಜರಿನಿಂದ ಎರಡು ಐಸು ತೆಗೆದು ಒಂದನ್ನು ಅವಳ ಅಂಗೈಯಲ್ಲಿಟ್ಟೆ. ಇನ್ನೊಂದನ್ನು ನನ್ನ ಬಾಯಿಗೆ ಹಾಕಿಕೊಂಡೆ.

ಕತ್ತಲಲ್ಲಿ ನೆಲದ ಮೇಲೆ ಕೂತೆವು. ಅವಳ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಹಲ್ಲು ಜುಮ್ಮೆಂದವು. ನನ್ನದು ಕರಗಿದಾಗ ಮಾತು ಹೊರಬೀಳುವ ಮೊದಲೇ ಎದ್ದು ಇನ್ನೊಂದು ಹಾಕಿಕೊಂಡೆ. ಬಹಳ ಹೊತ್ತಿನ ಮೇಲೆ ಅವಳೇ ಮಾತಾಡಿದಳು, ಗಂಡನ ಮನೆಯಲ್ಲಿ ನಡೆದದ್ದನ್ನು, ಈವರೆಗೆ ನನಗೆ ಹೇಳದಿದ್ದದ್ದನ್ನು. ಪೂರ್ತಿ ಕೇಳಿದೆ. ಅವತ್ತು ಮೇಡಂಗೆ ಫೋನು ಹೋಗಲಿಲ್ಲ. ಮರುದಿನ ಹೋಯಿತು, ನಾನು ಬಟ್ಟೆ ಒಣಗಹಾಕಲು ಹೋಗಲಿಲ್ಲ.

ಐಸಿನ ಟ್ರೇ ಇನ್ನೊಂದು ಕೊಂಡು ತಂದಿದ್ದೇನೆ. ಮೊದಲಿನದು ಅವಳಿಗೆ ಸಾಕಾಗುತ್ತಿದೆ. ಹೊಸದು ನನ್ನದು, ಅದೇ ಬೇಗ ಖಾಲಿಯಾಗುತ್ತದೆ.