ಕಾಣೆಯಾದ ಗೋದಕ್ಕ ಮತ್ತು ನನ್ನ ನಲವತ್ತು ನಿಮಿಷ

ದೆಹಲಿಯ ಕನ್ನಡಿಗರಿಗೆ ಸಾಹಿತ್ಯವನ್ನು ಬಿಡಿಸಿ ಹೇಳಬಲ್ಲವನು ಯಾರಾದರೂ ಇದ್ದರೆ ಅದು ನಾನೇ ಎಂಬ ವಿಷಯದಲ್ಲಿ ನನಗಂತೂ ಸಂಶಯವಿರಲಿಲ್ಲ. ಆದ್ದರಿಂದ ಆರ್.ಕೆ.ಪುರಂನ ಓದುಗರ ಬಳಗದ ಕಾರ್ಯದರ್ಶಿ ಕುಲಕರ್ಣಿಯವರು, "ಈ ಭಾನುವಾರ ಕಾದಂಬರಿಯೊಂದರ ಪಾತ್ರಗಳ ಬಗ್ಗೆ ನೀವ ಮಾತಾಡಬೇಕ್ರಿ" ಎಂದಾಗ ತಕ್ಷಣ ಒಪ್ಪಿಕೊಂಡೆ. ಪುಸ್ತಕವನ್ನೂ ಅವರೇ ಕೊಟ್ಟರು. ದಯವಿಟ್ಟು ಗಮನಿಸಬೇಕು. ಪುಸ್ತಕ ಕೊಟ್ಟವರು ಅವರು!

ನನ್ನ ಹೆಂಡತಿ ವಿಮಲಾ ರಟ್ಟು ನೋಡಿದವಳೇ, "ಇದು ವಾರಪತ್ರಿಕೇಲಿ ಧಾರಾವಾಹಿಯಾಗಿ ಬಂದಿತ್ತು ಕಣ್ರೀ. ಗೋದಕ್ಕನ ಕಥೆ ಅಲ್ವಾ? ಪಾಪ..." ಎಂದು ಶುರು ಮಾಡಿದಳು.

"ನೀನು ಓದಿದ್ದು ಕಥೆ. ನಾನು ಮಾಡೋದು ವಿಶ್ಲೇಷಣೆ" ಎಂದು ಅವಳ ಬಾಯಿ ಮುಚ್ಚಿಸಿದೆ.

ಓದಿದೆ. ತೊಂಬತ್ತಾರನೆಯ ಪುಟದಲ್ಲಿ ಗೋದಕ್ಕ ಕೊಡ ಹಿಡಿದು ನೀರಿಗೆ ಹೊರಡುತ್ತಾಳೆ. ಎದುರಿನ ಪುಟದಲ್ಲೇ ಅವಳ ಮಗಳ ಮದುವೆ. ಎಲ್ಲರೂ ಹೋಳಿಗೆ ತಿನ್ನುತ್ತಿದ್ದಾರೆ. ಗೋದಕ್ಕನೇ ಇಲ್ಲ! ಆಮೇಲೆ ಯಾರೂ ಅವಳ ಸುದ್ದಿ ಎತ್ತುವುದೂ ಇಲ್ಲ. ನನಗೆ ಮೈ ಜುಮ್ಮೆಂದಿತು. ಮನೆಯವರು ಮರೆತ ಹೆಣ್ಣನ್ನು ಕಾದಂಬರಿಯೇ ಮರೆತುಬಿಟ್ಟಿದೆ! ಎಂಥ ತಂತ್ರ!

ಭಾನುವಾರ ನಲವತ್ತು ನಿಮಿಷ ಮಾತಾಡಿದೆ. "ಇದು ನಮ್ಮ ಸಾಹಿತ್ಯದ ಅತ್ಯಂತ ದಿಟ್ಟ ಮೌನ" ಎಂದು ಘೋಷಿಸಿದೆ. ಎದುರಿಗೆ ಕೂತ ವಿಮಲಾ ತಲೆ ಅಲ್ಲಾಡಿಸುತ್ತಿದ್ದಳು, ಕೈಸನ್ನೆ ಮಾಡುತ್ತಿದ್ದಳು. ಮೆಚ್ಚುಗೆ ಎಂದುಕೊಂಡು ದನಿ ಏರಿಸಿದೆ.

ನಾನು ಮುಗಿಸುತ್ತಿದ್ದಂತೆ ಕುಲಕರ್ಣಿ ಮೈಕ್ ಹಿಡಿದರು. "ಒಂದು ಸಿಹಿಸುದ್ದಿ! ಈ ಕಾದಂಬರಿ ಬರೆದವರು ಚಾಣಕ್ಯಪುರಿಯೊಳಗ ಇಳಕೊಂಡಾರ. ನಮ್ಮ ನಡುವೇ ಕೂತಾರ!"

ಇದನ್ನು ಮೊದಲೇ ಹೇಳಲು ಏನು ಧಾಡಿ?

ಹಿಂದಿನ ಸಾಲಿನಿಂದ ನೂಲಿನ ಸೀರೆಯುಟ್ಟ ಹಿರಿಯ ಹೆಂಗಸೊಬ್ಬರು ಎದ್ದರು. "ಗೋದಕ್ಕ ಕೆರೆಯಲ್ಲಿ ಜಾರಿ ಬಿದ್ದು ಸಾಯೋದನ್ನ ಹದಿನಾರು ಪುಟ ಬರೆದಿದ್ದೀನಲ್ಲ ಸರ್. ಬರೆಯೋವಾಗ ಮೂರು ದಿನ ಅತ್ತಿದ್ದೆ. ನೀವು ಓದಲಿಲ್ವಾ?"

ಕೈಯಲ್ಲಿದ್ದ ಪುಸ್ತಕ ತೆರೆದೆ. ತೊಂಬತ್ತಾರರ ಎದುರಿಗೆ ನೂರಾ ಹದಿಮೂರು! ಗೋದಕ್ಕನನ್ನು ಮರೆತದ್ದು ಕಾದಂಬರಿಯಲ್ಲ, ಹೊಲಿಗೆ ಹಾಕಿದ ಬೈಂಡರ್!

ಸಭೆ ಗೊಳ್ಳೆಂದಿತು. ದೆಹಲಿಯಲ್ಲೇ ಬೆಳೆದ ನನ್ನ ಮಗಳು, "ಅಪ್ಪಾ, ಪೇಜ್ ನಂಬರ್ ತೋ ದೇಖ್ ಲೇತೇ!" ಎಂದು, ಪುಟದ ನಂಬರನ್ನಾದರೂ ನೋಡಬಾರದಿತ್ತೇ ಎಂದು ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಕೂಗಿದಳು.

ನನಗೆ ಮೈಯೆಲ್ಲಾ ಉರಿದುಹೋಯಿತು. ವೇದಿಕೆ ಇಳಿದವನೇ ಕುಲಕರ್ಣಿಯವರನ್ನು ಹಿಡಿದುಕೊಂಡೆ. "ಎಂಥ ಪುಸ್ತಕ ಕೊಟ್ಟಿದ್ದೀರಿ? ಪುಟ ಎಣಿಸೋದು ವಿಮರ್ಶಕನ ಕೆಲಸವೇನ್ರೀ?"

ಉತ್ತರ ಕೊಟ್ಟವಳು ವಿಮಲಾ. "ಆಫೀಸಲ್ಲಿ ಫೈಲಿನ ಪುಟ ಎಣಿಸೋದು ಇವರದೇ ಕೆಲಸ. ಹೋದ ವಾರ ಒಂದೇ ಒಂದು ಹಾಳೆ ಕಾಣಲಿಲ್ಲ ಅಂತ ಪಾಪ, ಆ ಶರ್ಮಾಗೆ ಮೆಮೊ ಕೊಟ್ಟರು!"

ಲೇಖಕಿ ಮಾತ್ರ ನಗಲಿಲ್ಲ. ಚೀಲದಿಂದ ಪೂರ್ತಿ ಪ್ರತಿಯೊಂದನ್ನು ತೆಗೆದು, ಸಹಿ ಹಾಕಿ ಕೊಟ್ಟರು. ಅದು ಇನ್ನೂ ದೊಡ್ಡ ಅವಮಾನ!

ಪೀತಮ್‌ಪುರದ ಮನೆಗೆ ಹಿಂತಿರುಗುವ ಬಸ್ಸಿನಲ್ಲಿ ಆ ಹದಿನಾರು ಪುಟಗಳಲ್ಲಿ ಒಂದಾದರೂ ದೋಷ ಹುಡುಕಲೇಬೇಕೆಂಬ ಹಟದಿಂದ ಓದತೊಡಗಿದೆ. ಮೂರನೆಯ ಪುಟಕ್ಕೆ ಕಣ್ಣು ಮಂಜಾಯಿತು. ಹತ್ತನೆಯ ಪುಟಕ್ಕೆ ಬಿಕ್ಕಳಿಸಿದೆ. ಮುಂದಿನ ಸೀಟಿನ ಸರ್ದಾರ್ಜಿ ಗಾಬರಿಯಿಂದ ತಿರುಗಿ, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಹಿಂದಿಯಲ್ಲಿ ಕೇಳಿದರು.

ನಾನು ಮೂಗೊರೆಸಿಕೊಳ್ಳುತ್ತಾ ಹೌದೆಂದು ತಲೆಯಾಡಿಸಿದೆ.

"ಯಾರು?"

"ನಮ್ಮನೆ ವಿಮರ್ಶಕರು" ಎಂದಳು ವಿಮಲಾ.