ಗುಬ್ಬಿ ಹೆದರುವ ಹಾಡು

ವಿಶ್ವನಾಥ: ಏ, ದೂರ ನಿಂದರು ಮರೆಪ್ಪ! ಕ್ಯಾಸೆಟ್ಟಿಗಿ ಕೈ ಹಚ್ಚಬ್ಯಾಡ, ಸುತ್ತಿದ ಪ್ಲಾಸ್ಟಿಕ್ ಹರೀತದ.

ಮರೆಪ್ಪ: ಅಲ್ರಿ ಸಾಹೇಬ್ರ, ಹಾಡಿದಾವ ನಾನು. ಡೊಳ್ಳು ಹೊಡದಾವ ನನ್ನ ತಮ್ಮ. ಮ್ಯಾಲಿನ ಫೋಟೋದಾಗ ತಲಿಗಿ ಪಟಗಾ ಸುತಗೊಂಡು ನಿಂತಾವನೂ ನಾನ. ನನಗ ಕೈ ಹಚ್ಚಬ್ಯಾಡ ಅಂದ್ರ ಹ್ಯಾಂಗ್ರಿ?

ವಿಶ್ವನಾಥ: ಹಾಡಿದಾವ ನೀ ಇರಬಹುದು. ಜ್ವಾಕಿಲೆ ಇಟ್ಟಾವ ನಾನು.

ಸೊಲ್ಲಾಪುರದ ಆ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟೊಂದಿತ್ತು. ಕಚೇರಿಯ ಕೆಲಸದಿಂದ ನಿವೃತ್ತರಾದ ಮೇಲೆ ವಿಶ್ವನಾಥರಿಗೆ ಉಳಿದಿದ್ದ ಲೋಕವೆಲ್ಲ ಆ ಕಪಾಟಿನೊಳಗೇ ಇತ್ತು. ಅದರ ತುಂಬ ಹಳೆಯ ಕ್ಯಾಸೆಟ್ಟುಗಳು. ನಟ್ಟನಡುವೆ, ದೇವರ ಜಾಗದಲ್ಲಿಟ್ಟಂತೆ, ಹನ್ನೂರಿನ ಮರೆಪ್ಪ ವಯಸ್ಸಿನಲ್ಲಿದ್ದಾಗ ಹಾಡಿದ, ಕುರುಬರ ದೈವ ಬೀರೋಬಾನ ಹಾಡುಗಳ ಕ್ಯಾಸೆಟ್ಟು. ಅದು ತನಗೆ ಬೇಕೆಂದು ಮರೆಪ್ಪನೇ ಮುಂಜಾನೆಯ ಬಸ್ಸಿಗೆ ಬಂದುಬಿಟ್ಟಿದ್ದ. ಬಂದವನನ್ನು ಬೈಯುವಂತೆಯೂ ಇರಲಿಲ್ಲ. ಅವನು ವಿಶ್ವನಾಥರ ಹೆಂಡತಿ ಚಂದ್ರಭಾಗಾಳ ತವರೂರಿನವನು.

ಮರೆಪ್ಪ: ಹೋಗ್ಲಿ, ಹಾಡು ಹ್ಯಾಂಗ ಅನಸ್ತು? ಅದನ್ನಾರ ಹೇಳ್ರಿ.

ವಿಶ್ವನಾಥ: ಅಗದೀ ಮಸ್ತ!

ಚಂದ್ರಭಾಗಾ (ಚಹಾ ತಂದು ಇಡುತ್ತ): ಕೇಳಿದ್ರ ಹೇಳಬೇಕಲ್ಲ. ಅದನ್ನ ಬಿಚ್ಚೇ ಇಲ್ಲ ಮರೆಪ್ಪಣ್ಣ ಅವ್ರು.

ಮರೆಪ್ಪ: ಬಿಚ್ಚೇ ಇಲ್ಲ?

ವಿಶ್ವನಾಥ: ಬಿಚ್ಚಿದ್ರ ಕಿಮ್ಮತ್ತು ಹೋಗ್ತದ. ಜಗತ್ತಿನ್ಯಾಗ ಇದೊಂದ ಉಳದದ, ತಿಳೀತೇನು? ರವಿವಾರ ಪುಣೇದಿಂದ ಪಾವಣೇರು ಬರ್ಲಿಕತ್ತಾರ. ನನ್ನಂಗ ಕ್ಯಾಸೆಟ್ ಕೂಡಿಸೋ ಮಂದಿ. ಇದೊಂದನ್ನ ನೋಡ್ಲಿಕ್ಕ ಅಷ್ಟು ದೂರದಿಂದ ಬರ್ತಾರ.

ಚಂದ್ರಭಾಗಾ: ಅವ್ರೂ ಕೇಳೂದಿಲ್ಲೇನ್ರಿ?

ವಿಶ್ವನಾಥ: ನೋಡ್ತಾರ.

ಚಂದ್ರಭಾಗಾ: ಹಂಗಾದ್ರ ಉಳ್ಳಾಗಡ್ಡಿ ಅವಲಕ್ಕಿ ಹಾಕಿ ಕಾಂದೇ ಪೋಹೆ ಮಾಡಿಡ್ತೀನಿ. ಹೆಣ್ಣು ನೋಡಿದಂಗ ನೋಡಿ, ತಿಂದು ಹೋಗ್ಲಿ. ನಾ ಅಂತೂ ದಿನಾ ರೊಟ್ಟಿ ಬಡಿಯೂವಾಗ ಫೋನಿನ್ಯಾಗ ಇದನ್ನ ಕೇಳ್ತೀನಿ. ಮರೆಪ್ಪಣ್ಣನ ಮೊಮ್ಮಗಳು ಪ್ರಾಜಕ್ತಾ ಎಲ್ಲಾ ಹಾಡು ಫೋನಿಗಿ ಏರಿಸ್ಯಾಳ.

ವಿಶ್ವನಾಥ: ಫೋನಿಂದು ಹಾಡಲ್ಲ, ಗಾಳಿ! ಕೈಯಾಗ ಹಿಡೀಲಿಕ್ಕ ಬರ್ತದೇನು? ಕಪಾಟದಾಗ ಇಡ್ಲಿಕ್ಕ ಬರ್ತದೇನು? ನೆಟ್ ಹೋದ್ರ ಹಾಡೂ ಹೋತು.

ಚಂದ್ರಭಾಗಾ: ನಿಮ್ಮದು ನೆಟ್ ಇದ್ರೂ ಹಾಡಂಗಿಲ್ಲಲ್ಲ.

ವಿಶ್ವನಾಥರು ಆ ಮಾತು ಕೇಳಿಸದವರಂತೆ ಮರೆಪ್ಪನ ಕಡೆ ತಿರುಗಿದರು. ವಯಸ್ಸಾದ ಹಾಡುಗಾರನಿಗೆ ತನ್ನ ಹಳೆಯ ದನಿಯ ಮೇಲೆ ಆಸೆ ಹುಟ್ಟುವುದು ಸಹಜ ಎಂದು ಅವರ ಮನಸ್ಸು ತುಸು ಕರಗಿತ್ತು.

ವಿಶ್ವನಾಥ: ನಿನ್ನ ಸಂಕಟ ನನಗ ತಿಳೀತದ ಮರೆಪ್ಪ. ನಿನ್ನ ದನಿ ನಿನ್ನ ಮನ್ಯಾಗ ಇರಲಿ ಅಂತ ಆಸೆ, ಹೌದಿಲ್ಲೋ?

ಮರೆಪ್ಪ: ಮನ್ಯಾಗಲ್ರಿ, ಹೊಲದಾಗ.

ವಿಶ್ವನಾಥ: ಹೊಲದಾಗ ಕುಂತು ಕೇಳ್ತಿ?

ಮರೆಪ್ಪ: ನಾ ಯಾಕ ಕೇಳ್ಲಿ? ಗುಬ್ಬಿ ಕೇಳ್ತಾವು.

ವಿಶ್ವನಾಥ: ನೋಡು, ಗುಬ್ಬಿಗೂ ಹಾಡಿನ ಹುಚ್ಚು!

ಮರೆಪ್ಪ: ಹುಚ್ಚಲ್ರಿ, ಹೆದರಿಕಿ! ಜ್ವಾಳದ ತೆನ್ಯಾಗ ಹಾಲುಗಾಳು ತುಂಬ್ಯಾವು, ಗುಬ್ಬಿ ಮುತ್ತತಾವು. ಡಬ್ಬಿ ಒಡದು, ಒಳಗಿನ ರೀಲ ಜಗ್ಗಿ, ಗೂಟದಿಂದ ಗೂಟಕ್ಕ ಕಟ್ಟಿದ್ರ ಗಾಳಿಗಿ ಜುಂಯ್ ಅಂತೈತಿ, ಬಿಸಲಿಗಿ ಫಳಫಳ ಹೊಳೀತೈತಿ. ಒಂದು ಗುಬ್ಬಿ ಹಾಯಂಗಿಲ್ಲ. ಮಾರದ ಉಳದದ್ದು ಎರಡು ಚೀಲ ಕ್ಯಾಸೆಟ್ ಇದ್ವು. ವರ್ಷಾ ವರ್ಷಾ ಕಟ್ಟಿ ಕಟ್ಟಿ ತೀರಿದ್ವು. ಪ್ರಾಜಕ್ತಾ ಫೋನಿಗಿ ಏರಿಸಿದ ಮ್ಯಾಲ ಕಡೀದೂ ಕಟ್ಟಿದ್ನಿ. ಮೊನ್ನಿ ಗಾಳಿಗಿ ಒಂದು ಬಾಜೂದ್ದು ಹರೀತು. ನಿಮ್ಮದೊಂದು ಸಿಕ್ಕರ ಬರೋಬರ್ ಆಗತೈತಿ.

ವಿಶ್ವನಾಥರು ಚಹಾ ಕೆಳಗಿಟ್ಟು ಕಪಾಟಿಗೆ ಬೆನ್ನು ಹಚ್ಚಿ ನಿಂತರು.

ವಿಶ್ವನಾಥ: ಎರಡು ಚೀಲ! ಅಯ್ಯೋ, ಎರಡು ಚೀಲ!

ಚಂದ್ರಭಾಗಾ: ಯಾಕ ಅಳ್ತೀರಿ? ಆ ಎರಡು ಚೀಲ ಇದ್ದಿದ್ರ ನಿಮ್ಮದು ಜಗತ್ತಿನ್ಯಾಗ ಒಂದ ಹ್ಯಾಂಗಾಗ್ತಿತ್ತು? ಗುಬ್ಬಿಗಿ ಕೈ ಮುಗೀರಿ.

ವಿಶ್ವನಾಥ: ಮರೆಪ್ಪ, ಇದು ನನ್ನ ಹತ್ರ ಅದ ಅಂತ ನಿನಗ ಯಾರು ಹೇಳಿದ್ರು?

ಮರೆಪ್ಪ ಚಹಾದ ಕಪ್ಪಿನೊಳಗೆ ಇಣುಕಿ ನೋಡತೊಡಗಿದ.

ಚಂದ್ರಭಾಗಾ: ಸಕ್ರಿ ಕಮ್ಮಿ ಆಗ್ಯಾದೇನಣ್ಣ?

ಉತ್ತರ ಸಿಕ್ಕಂತಾಯಿತು. ವಿಶ್ವನಾಥರು ಹೆಂಡತಿಯನ್ನು ದುರುಗುಟ್ಟಿ ನೋಡಿ, ಕಪಾಟಿನ ಕೆಳಗಿನ ಸಾಲಿಗೆ ಕೈ ಹಾಕಿದರು.

ವಿಶ್ವನಾಥ: ತೊಗೋ, ಇವು ಬ್ಯಾರೆಯವರ ಕ್ಯಾಸೆಟ್. ಎಷ್ಟು ಬೇಕಷ್ಟು ಒಯ್ದು ಕಟ್ಟು.

ಮರೆಪ್ಪ: ಕಟ್ಟಿ ನೋಡೀನ್ರಿ. ಬ್ಯಾರೆಯವರ ರೀಲಿನ ಮ್ಯಾಲ ಗುಬ್ಬಿ ಕುಂತು ಜೋಕಾಲಿ ಆಡಿದ್ವು! ನಂದರಾಗ ಬೀರೋಬಾನ ಹೆಸರೈತಿ. ಅದಕ್ಕ ಹೆದರತಾವು.

ವಿಶ್ವನಾಥ: ಹೆಸರಿಗಿ ಹೆದರತಾವು? ಹಂಗಾದ್ರ ಅದ ಹೆಸರು ಫೋನಿನ್ಯಾಗೂ ಅದ ಅಲ್ಲೋ! ರೀಲೇನು, ಇವತ್ತು ಕಟ್ಟಿದ್ರ ನಾಳಿ ಹರೀತದ. ಫೋನಿನ ಹಾಡು ಹರೀತದೇನು? ಬಿಸಲಿಗಿ ಸುಡ್ತದೇನು? ಮುಂಜಾನಿ ಹಚ್ಚಿದ್ರ ಸಂಜೀತನಕಾ ಒದರತದ. ಸ್ಪೀಕರ್ ನಾ ಕೊಡ್ತೀನಿ, ಒಯ್ಯಿ.

ಚಂದ್ರಭಾಗಾ: ಸ್ಪೀಕರ್ ನಂದು. ಮತ್ತ ಫೋನಿನ ಹಾಡು ಗಾಳಿ ಅಂದ್ರಲ್ಲ?

ವಿಶ್ವನಾಥ: ಹೊಲಕ್ಕ ಗಾಳೀನ ಬೇಕು!

ಚಂದ್ರಭಾಗಾ: ನಡುವ ನಡುವ ಜಾಹೀರಾತು ಬರ್ತಾವು.

ವಿಶ್ವನಾಥ: ಬರಲಿ. ಜಾಹೀರಾತು ಬಂದ್ರ ನಾವ ಎದ್ದು ಹೋಗ್ತೀವಿ, ಗುಬ್ಬಿ ಕುಂದರತಾವೇನು?

ಮರೆಪ್ಪ: ಒಂದು ಸಲ ಹಚ್ಚು ತಂಗಿ. ಎಷ್ಟು ಜೋರ ಐತಿ ನೋಡೂಣು.

ಚಂದ್ರಭಾಗಾ ಫೋನು ಒತ್ತಿದಳು. ಮೊದಲು ಯಾವುದೋ ಸಾಬೂನಿನ ಗುಣಗಾನ. ಆಮೇಲೆ ಡೊಳ್ಳಿನ ಪೆಟ್ಟು ಬಿತ್ತು, ಅದರ ಬೆನ್ನಿಗೇ ಹರೆಯದ ಮರೆಪ್ಪನ ದನಿ ಎದ್ದಿತು. ಕಪಾಟಿಗೆ ಬೆನ್ನು ಹಚ್ಚಿ ಕಾವಲು ನಿಂತಿದ್ದ ವಿಶ್ವನಾಥರು ಒಂದು ಹೆಜ್ಜೆ ಮುಂದೆ ಬಂದರು. ಇನ್ನೊಂದು ಹೆಜ್ಜೆ ಬಂದರು. ಸ್ಪೀಕರಿನ ಮಗ್ಗುಲಿಗೆ ನೆಲದ ಮೇಲೆಯೇ ಕುಳಿತರು. ಇಷ್ಟು ವರ್ಷ ತಾವು ಒರೆಸಿ ಒರೆಸಿ ಇಟ್ಟ ಡಬ್ಬಿಯೊಳಗೆ ಇಂಥದ್ದೊಂದು ಇತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ. ಬೆರಳುಗಳು ತಾವಾಗಿಯೇ ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು.

ಮರೆಪ್ಪ ಮಾತ್ರ ಅವರನ್ನೇ ನೋಡುತ್ತ ತಲೆ ಅಲ್ಲಾಡಿಸಿದ.

ಮರೆಪ್ಪ: ಬ್ಯಾಡ್ರಿ ಸಾಹೇಬ್ರ. ಇದು ನಡ್ಯಂಗಿಲ್ಲ.

ವಿಶ್ವನಾಥ: ಯಾಕ? ಅಗದೀ ಜೋರ ಅದ!

ಮರೆಪ್ಪ: ಜೋರ ಐತ್ರಿ. ಆದ್ರ ಹಾಡು ಕೇಳಿ ನೀವು ಓಡಲಿಲ್ಲ, ಅಲ್ಲಿದ್ದಾವ್ರು ಇಲ್ಲಿ ಬಂದು ಕುಂತ್ರಿ. ಗುಬ್ಬೀನೂ ಹಿಂಗ ಬಂದು ಕುಂತ್ರ ನನ್ನ ಜ್ವಾಳದ ಗತಿ ಏನ್ರಿ? ರೀಲ ಕೊಡ್ರಿ.

ವಿಶ್ವನಾಥರು ಸ್ಪೀಕರನ್ನು ತಮ್ಮತ್ತ ಎಳೆದುಕೊಂಡರು. ಕಪಾಟಿನ ಕಡೆ ನೋಡಿದರು, ಮರೆಪ್ಪನ ಕಡೆ ನೋಡಿದರು, ಕೊನೆಗೆ ಸೋತವರಂತೆ ಕೈಚೆಲ್ಲಿದರು.

ವಿಶ್ವನಾಥ: ಆತು ಮರೆಪ್ಪ, ಕೊಡ್ತೀನಿ. ಆದ್ರ ಈ ಹಾಡು ಮುಗೀಲಿ. ದೇವರ ಹಾಡು ನಡದಾಗ ನಡುವ ಏಳಬಾರದು.

ಮರೆಪ್ಪ: ಅದು ಖರೆ ಐತ್ರಿ.

ಮರೆಪ್ಪ ಕೈ ಮುಗಿದು, ಕಣ್ಣು ಮುಚ್ಚಿ, ಚಕ್ಕಳಮಕ್ಕಳ ಹಾಕಿ ಕುಳಿತ. ವಿಶ್ವನಾಥರು ಮೆಲ್ಲಗೆ ಹೆಂಡತಿಯ ಕಿವಿಯತ್ತ ಬಾಗಿದರು.

ವಿಶ್ವನಾಥ: ಏ, ಈ ಹಾಡು ಮುಗೀಲಾರದಂಗ ಮಾಡ್ಲಿಕ್ಕ ಎಲ್ಲಿ ಒತ್ತಬೇಕು?