ಮಾವನ ಹಡಗಿಗೊಂದು ಮದರ್‌ಬೋರ್ಡು

ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ಸುದ್ದಿಯನ್ನು ಹಬ್ಬಿಸಿದವನು ನಾನೇ. ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಅದರ ಎದುರು ಕುಳಿತಿದ್ದೇನೆ ಎನ್ನುವುದೇ ಅದಕ್ಕೆ ಆಧಾರ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಓಡಾಡಿದವನಿಗೆ ಬಸ್ಸಿನ ರಿಪೇರಿ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಗೌರವ ತಾನಾಗಿ ಬಾಗಿಲಿಗೆ ಬಂದಾಗ ಅದರ ಊರು, ಕೇರಿ ವಿಚಾರಿಸುವುದು ಸಭ್ಯರ ಲಕ್ಷಣವಲ್ಲ. ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಐವತ್ತೆರಡರ ವಯಸ್ಸಿನಲ್ಲಿ ನಾನು ಕಂಪ್ಯೂಟರಿನಲ್ಲಿ ಕಾರಿನ ರೇಸ್ ಆಡುತ್ತೇನೆ. ಹೊನ್ನಾವರದ ಪೇಟೆಯಲ್ಲಿ ಎದುರಿಗೆ ಆಡು ಬಂದರೂ ಸ್ಕೂಟರಿನಿಂದ ಇಳಿದು ನಿಲ್ಲುವವನು ನಾನು. ಪರದೆಯ ಮೇಲೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ.

ಈ ಕಥೆ ನನ್ನ ಮಾವನದು. ಹೆಂಡತಿ ನಾಗವೇಣಿಯ ಅಪ್ಪ ತದಡಿಯಲ್ಲಿ ನಲವತ್ತು ವರ್ಷ ತಾಂಡೇಲರಾಗಿದ್ದವರು, ಅಂದರೆ ಮೀನಿನ ಬೋಟಿನ ಚುಕ್ಕಾಣಿ ಹಿಡಿದವರು. ಹೃದಯದ ಆಪರೇಷನ್ ಆದ ಮೇಲೆ, ಇನ್ನು ಸಮುದ್ರಕ್ಕೆ ಹೋಗಕೂಡದು ಎಂದು ಡಾಕ್ಟರು ಹೇಳಿದರು. ಮಾವ ನಮ್ಮ ಮನೆಗೆ ಬಂದರು. ಬಂದವರು ಮಾತು ಬಿಟ್ಟರು. ಏನು ಕೇಳಿದರೂ "ಆತು" ಎಂಬ ಒಂದೇ ಉತ್ತರ. ತಟ್ಟೆಯಲ್ಲಿ ಹುರಿದ ಬಂಗಡೆ ಇದ್ದರೂ ಅರ್ಧಕ್ಕೆ ಎದ್ದುಬಿಡುತ್ತಿದ್ದರು. ಆ ತಟ್ಟೆ ತೆಗೆಯುವಾಗ ನಾಗವೇಣಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಒಂದು ಭಾನುವಾರ ನಾನು ಕಾರು ಓಡಿಸುತ್ತಿದ್ದಾಗ ಮಾವ ಬಂದು ಕುರ್ಚಿಯ ಹಿಂದೆ ನಿಂತರು. ಸ್ವಲ್ಪ ಹೊತ್ತು ನೋಡಿ, "ಕಾರು ಮಾತ್ರ ಉಂಟಾ? ಬೋಟು ಇಲ್ವಾ?" ಎಂದರು. ಅಷ್ಟು ಉದ್ದದ ಮಾತನ್ನು ಅವರಿಂದ ಕೇಳಿ ಎರಡು ತಿಂಗಳಾಗಿತ್ತು. ಹುಡುಕಿದೆ, ಹಡಗು ನಡೆಸುವ ಆಟವೊಂದು ಸಿಕ್ಕಿತು. ವಾರದೊಳಗೆ ಮಾವ ಸರಕಿನ ಹಡಗನ್ನು ಬಂದರಿಗೆ ತಂದು ನಿಲ್ಲಿಸತೊಡಗಿದರು. ಊಟಕ್ಕೆ ಕುಳಿತಾಗ ಆ ದಿನದ ಗಾಳಿ, ಅಲೆಗಳ ವರ್ಣನೆ ಶುರುವಾಯಿತು. ಬಂಗಡೆ ಎರಡಾದವು.

ಆದರೆ ನನ್ನ ಹಳೆಯ ಕಂಪ್ಯೂಟರಿಗೆ ಸಮುದ್ರದ ಭಾರ ತಡೆಯಲಾಗಲಿಲ್ಲ. ದೊಡ್ಡ ಅಲೆ ಎದ್ದ ಕೂಡಲೇ ಪರದೆ ಗಕ್ಕನೆ ನಿಲ್ಲುತ್ತಿತ್ತು. "ನಲವತ್ತು ವರ್ಷ ಸಮುದ್ರ ಕಂಡಿದ್ದೆ. ಅದು ನಿಂತದ್ದು ಇವತ್ತೇ ಕಂಡದ್ದು" ಎಂದು ಮಾವ ಎದ್ದುಹೋದರು. ಆ ದಿನ ತಟ್ಟೆ ಮತ್ತೆ ಅರ್ಧಕ್ಕೆ ಉಳಿಯಿತು. ನಾಗವೇಣಿ ನನ್ನತ್ತ ತಿರುಗಿ, "ನಿಮಗೆ ಎಲ್ಲ ಗೊತ್ತುಂಟಲ್ಲ, ಎಂತಾದ್ರೂ ಮಾಡಿ" ಎಂದಳು.

ನಾನು ಮಾಡಿದೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನೂ, ಅದು ಕೂರುವ ಹಲಗೆಯಾದ ಮದರ್‌ಬೋರ್ಡನ್ನೂ ಆನ್‌ಲೈನಿನಲ್ಲಿ ತರಿಸಿದೆ. ಮದರ್‌ಬೋರ್ಡು ಆರಿಸುವಾಗ ನಾನು ನೋಡಿದ್ದು ಒಂದೇ ಗುಣ: ಅದರ ಅಂಚಿನಲ್ಲಿ ನೀಲಿ, ಕೆಂಪು ದೀಪಗಳು ಸರದಿಯಂತೆ ಉರಿಯುತ್ತಿದ್ದವು. ಪೊಟ್ಟಣ ಬಂತು. ಪ್ರೊಸೆಸರಿನ ಆಕಾರ ಒಂದು, ಬೋರ್ಡಿನಲ್ಲಿದ್ದ ಪೀಠದ ಆಕಾರ ಇನ್ನೊಂದು. ಹಿಂದೊಮ್ಮೆ ಮಿಕ್ಸಿಗೆ ಬೇರೆ ಕಂಪನಿಯ ಜಾರು ತಂದು, ಒತ್ತಿದರೆ ಕೂರುತ್ತದೆ ಎಂದು ಒತ್ತಿ, ಜಾರು ಮಿಕ್ಸಿ ಎರಡನ್ನೂ ಕಳೆದುಕೊಂಡ ಅನುಭವವಿದ್ದುದರಿಂದ ಈ ಸಲ ಒತ್ತಲಿಲ್ಲ. ಬೋರ್ಡನ್ನು ವಾಪಸು ಕಳಿಸಿ ಇನ್ನೊಂದು ತರಿಸಿದೆ. ಅದರ ಮೇಲೆ ಪ್ರೊಸೆಸರ್ ಸರಿಯಾಗಿ ಕೂತಿತು. ಬೋರ್ಡು ಮಾತ್ರ ನಮ್ಮ ಕಂಪ್ಯೂಟರಿನ ಪೆಟ್ಟಿಗೆಗಿಂತ ನಾಲ್ಕು ಬೆರಳು ದೊಡ್ಡದಿತ್ತು. ನಾನು ತಗಡು ಕತ್ತರಿಸುವ ಕತ್ತರಿ ಹುಡುಕಿ ತಂದಾಗ ಮಾವ ಜಗಲಿಯಿಂದ ಎದ್ದು ಬಂದರು.

"ಎಂತಕ್ಕೆ ಅದು?"

"ಪೆಟ್ಟಿಗೆ ಸ್ವಲ್ಪ ಕತ್ತರಿಸಿದ್ರೆ ಸರಿ ಆಗ್ತದೆ ಮಾವ."

ಮಾವ ಕತ್ತರಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ನಮ್ಮ ಧಣಿ ಒಂದ್ಸಲ ಹೀಗೇ ದೊಡ್ಡ ಇಂಜಿನ್ ತಂದಿದ್ರು. ಬೋಟಿನ ಹಲಗೆ ಕೊಯ್ದು ಕೂರಿಸಿದ್ರು. ಹೊಳೆಬಾಯಿಯ ಅಳಿವೆ ದಾಟೋದ್ರೊಳಗೆ ನೀರು ಮೊಣಕಾಲಿಗೆ ಬಂತು. ಕೂರೋ ಜಾಗ ಅಳೆದು ಆಮೇಲೆ ಇಂಜಿನ್ ತರ್ಬೇಕು. ನಾಳೆ ಎಲ್ಲಿಗೆ ಹೋಗ್ಬೇಕು ಹೇಳಿ, ನಾನೂ ಬರ್ತೆ."

ಮರುದಿನ ಮಂಕಿ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆವು. ಮಾವನ ಜೇಬಿನಲ್ಲಿ ಪೆಟ್ಟಿಗೆಯ ಉದ್ದಗಲ ಗುರುತು ಮಾಡಿದ ಬಲೆಯ ದಾರವಿತ್ತು. ಕರವಸ್ತ್ರದ ಗಂಟಿನಲ್ಲಿ ಪ್ರೊಸೆಸರು, ನಮ್ಮ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಮೆಮೊರಿ ಪಟ್ಟಿಗಳು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯ ಜುಬೇರ್ ನನ್ನನ್ನು ನೋಡಿ "ಎಂತ ಬೇಕು ಸರ್?" ಎಂದ. ನಾನು ಬಾಯಿ ತೆರೆಯುವುದರೊಳಗೆ ಮಾವ ಗಂಟು ಬಿಚ್ಚಿ ಕೌಂಟರಿನ ಗಾಜಿನ ಮೇಲೆ ಹರಡಿದರು.

"ಇದು ಕೂರ್ಬೇಕು. ಹಳೇ ಪಟ್ಟಿ ಹೊಸ ಬೋರ್ಡಿಗೇ ಹಿಡೀಬೇಕು, ಇಲ್ಲಾದ್ರೆ ಈಗ್ಲೇ ಹೇಳು. ಬೋರ್ಡು ಈ ದಾರದೊಳಗೆ ಇರ್ಬೇಕು. ಮತ್ತೆ, ನಮ್ಮ ಮನೆ ಹೊಳೆಬಾಯಿಗೆ ಹತ್ರ. ಉಪ್ಪು ಗಾಳಿಗೆ ಎಷ್ಟು ದಿನ ತಡೀತದೆ?"

ಜುಬೇರ್ ಕುರ್ಚಿಯಿಂದ ಎದ್ದು ನಿಂತ. "ಚಾಚಾ, ಈ ಪ್ರಶ್ನೆ ಇಲ್ಲೀವರೆಗೆ ಯಾರೂ ಕೇಳಿಲ್ಲ" ಎಂದು, ಕಿಲುಬು ಹಿಡಿದು ಹಸಿರಾಗಿದ್ದ ಹಳೆಯ ಬೋರ್ಡೊಂದನ್ನು ಒಳಗಿನಿಂದ ತಂದು ತೋರಿಸಿದ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಮಾತಿಗೆ ಬಿದ್ದರು. ಬಿಸಿ ಹೊರಗೆ ಹೋಗುವ ದಾರಿ ಯಾವುದು, ವಿದ್ಯುತ್ತು ಎಲ್ಲಿಂದ ಬರುತ್ತದೆ, ಮುಂದೆ ದೊಡ್ಡ ಮಿದುಳು ಹಾಕಿದರೆ ತಾಳುತ್ತದೆಯೇ. "ನೀವೂ ಇದೇ ಲೈನಾ ಚಾಚಾ?" ಎಂದು ಜುಬೇರ್ ಕೇಳಿದ. "ಅಲ್ಲ, ನಂದು ನೀರಿನ ಲೈನು" ಎಂದರು ಮಾವ. ಚಹಾ ಬಂತು, ಎರಡು ಗ್ಲಾಸು. ಆಮೇಲೆ ನನ್ನನ್ನು ಕಂಡು ಮೂರನೆಯದು ತರಿಸಿದರು. ನನ್ನದೂ ಒಂದು ಮಾತಿರಲೆಂದು ಕೇಳಿದೆ: "ಇದರಲ್ಲಿ ದೀಪ ಉರೀತದಾ?"

ಇಬ್ಬರೂ ತಿರುಗಿ ನೋಡಿದರು. ಮತ್ತೆ ಬೋರ್ಡಿನತ್ತ ಬಾಗಿದರು.

ದೀಪವಿಲ್ಲದ, ಸಾದಾ, ಚಿಕ್ಕ ಬೋರ್ಡನ್ನು ಜುಬೇರನೇ ಮನೆಗೆ ಬಂದು ಜೋಡಿಸಿಕೊಟ್ಟ. ಮಾವ ಕುರ್ಚಿ ಎಳೆದು ಕುಳಿತರು. ಬಿರುಗಾಳಿ ಎದ್ದಿತು, ಹಡಗಿನ ಮೂಗು ಮುಗಿಲಿಗೆ ಹೋಗಿ ಬಂತು. ಸಮುದ್ರ ಒಂದು ಕ್ಷಣವೂ ನಿಲ್ಲಲಿಲ್ಲ. ನಾಗವೇಣಿ ಸಟ್ಟುಗ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡಿದಳು, ಹಡಗನ್ನಲ್ಲ, ಅಪ್ಪನ ಮುಖವನ್ನು. ಒಲೆಯ ಮೇಲಿದ್ದ ಮೀನು ಸ್ವಲ್ಪ ಸೀದಿತು. ಮಾವ ಅದನ್ನೂ ಬಿಡದೆ ತಿಂದರು.

ಊಟವಾದ ಮೇಲೆ ಮಾವ ಉದಾರವಾಗಿ, "ನೀವೂ ಒಂದ್ಸಲ ನಡೆಸಿ" ಎಂದು ಎದ್ದು ಜಾಗ ಬಿಟ್ಟರು. ನಾನು ಕಾರು ಓಡಿಸುವ ಹುಮ್ಮಸ್ಸಿನಲ್ಲೇ ಹೊರಟೆ. ಎರಡೇ ನಿಮಿಷದಲ್ಲಿ ಹಡಗು ಬಂದರಿನ ಕಲ್ಲಿನ ತಡೆಗೋಡೆ ಹತ್ತಿ ಕುಳಿತಿತು. ಅಭ್ಯಾಸಬಲ, ಮಾತು ತಾನಾಗಿ ಹೊರಗೆ ಬಂತು: "ಬೋರ್ಡಿನಲ್ಲೇ ಎಂತದೋ ದೋಷ ಇದೆ ಮಾವ."

ಮಾವ ಮುಳುಗುತ್ತಿದ್ದ ಹಡಗನ್ನು ನೋಡಿದರು, ನನ್ನನ್ನು ನೋಡಿದರು. "ಬೋರ್ಡು ಸರಿ ಉಂಟು. ನೀವು ಈಚೆ ಕೂತ್ಕಳಿ" ಎಂದರು.

ಈಚೆ ಕುಳಿತೆ. ಇಲ್ಲಿಂದ ಸಮುದ್ರ ಚೆನ್ನಾಗಿಯೇ ಕಾಣುತ್ತದೆ.